ಮಾತಿನ ಜಗಳ, ಗುಂಡಿನ ಜಗಳ: ಬಾಹ್ಯಾಕಾಶದ ಆರ್‌ಪಿಜಿ ಆರಿಸುವುದು ಹೇಗೆ?

ಒಂದು ದೃಶ್ಯ ಇಟ್ಟುಕೊಳ್ಳೋಣ. ದೂರದ ಯಾವುದೋ ನಕ್ಷತ್ರದ ಸುತ್ತ ತಿರುಗುವ ನಿಲ್ದಾಣ. ನಿಮ್ಮ ಹಳೇ ಸರಕು ಹಡಗು ಈಗಷ್ಟೇ ಬಂದು ನಿಂತಿದೆ. ಒಳಗೆ 40 ಪೆಟ್ಟಿಗೆ ಔಷಧಿ. ಸುಂಕದ ಅಧಿಕಾರಿ ಕಾಗದ ತಿರುವಿ ಹಾಕಿ, ತಲೆ ಅಲ್ಲಾಡಿಸಿ, "ಇಲ್ಲೊಂದು ಸಹಿ ಇಲ್ಲ, ಸರಕು ಇಳಿಸೋ ಹಾಗಿಲ್ಲ" ಅನ್ನುತ್ತಾಳೆ. ಅವಳ ಹಿಂದೆ ಬಂದೂಕು ಹಿಡಿದ ಇಬ್ಬರು ಕಾವಲುಗಾರರು. ನಿಮ್ಮ ಗುಂಪಿನಲ್ಲಿ ಒಬ್ಬನ ಕೈ ಆಗಲೇ ಸೊಂಟದ ಹತ್ತಿರ ಹೋಗಿದೆ.

ಮುಂದೇನಾಗುತ್ತದೆ ಅನ್ನುವುದು ನೀವು ಯಾವ ಆಟ ಆಡುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಈ ಆಟಗಳು ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಪಿಜಿ ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಪಾತ್ರ ವಹಿಸಿ ಆಡುವ ಆಟ. ನಾಲ್ಕೈದು ಜನ ಟೇಬಲ್ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಉಳಿದ ಜಗತ್ತನ್ನೆಲ್ಲ ನಡೆಸುವುದು ಗೇಮ್ ಮಾಸ್ಟರ್. ಏನಾಗುತ್ತದೋ ಗೊತ್ತಿಲ್ಲ ಅನ್ನುವ ಜಾಗದಲ್ಲಿ ದಾಳ ಉರುಳಿಸುತ್ತಾರೆ. ಅಷ್ಟೇ.

ಹೊಸದಾಗಿ ಆಟ ಹುಡುಕುವವರು ಸಾಮಾನ್ಯವಾಗಿ ಕೇಳುವುದು ಹಡಗು ಹೇಗಿದೆ, ಆಯುಧ ಎಷ್ಟಿವೆ, ಬೇರೆ ಗ್ರಹದ ಜೀವಿಯಾಗಿ ಆಡಬಹುದಾ ಅಂತ. ನಾನು ಮೊದಲು ನೋಡುವುದು ಬೇರೆ. ಮಾತಿನಲ್ಲಿ ಸೋತರೆ ನನ್ನ ಪಾತ್ರಕ್ಕೆ ಏನಾಗುತ್ತದೆ? ಗುಂಡು ತಗುಲಿದರೆ ಏನಾಗುತ್ತದೆ ಅಂತ ಪ್ರತಿಯೊಂದು ಪುಸ್ತಕವೂ ಸ್ಪಷ್ಟವಾಗಿ ಹೇಳುತ್ತದೆ. ವಾದದಲ್ಲಿ ಸೋತರೆ? ಕೆಲವು ಪುಸ್ತಕ ಏನೂ ಹೇಳುವುದಿಲ್ಲ. ಹೇಳದಿದ್ದರೆ ಸೋತವನು ಸೀದಾ ಬಂದೂಕು ತೆಗೆಯುತ್ತಾನೆ. ಅಂಥ ಟೇಬಲ್‌ನಲ್ಲಿ ಮಾತು ಅಂದರೆ ಹೊಡೆದಾಟ ಶುರುವಾಗುವ ತನಕ ಹೊತ್ತು ಕಳೆಯುವುದು, ಅಷ್ಟೇ ಆಗಿಬಿಡುತ್ತದೆ. ಹಾಗಾಗಿ ಈ ಸುಂಕದ ಕಟ್ಟೆಯ ದೃಶ್ಯವನ್ನೇ ಒಂದೊಂದು ಆಟದಲ್ಲೂ ಓಡಿಸಿ ನೋಡೋಣ.

ಟ್ರಾವೆಲರ್: ಗುಂಡಿನ ಭಯವೇ ಮಾತಿನ ಬಲ

1977ರಲ್ಲಿ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಹೊರತಂದ, ಮಾರ್ಕ್ ಮಿಲ್ಲರ್ ರೂಪಿಸಿದ ಆಟ ಇದು. ಈಗ ಜಾಸ್ತಿ ಜನ ಆಡುವುದು ಮಂಗೂಸ್ ಕಂಪನಿಯ ಆವೃತ್ತಿ. ಲೆಕ್ಕ ಸುಲಭ. ಮಾಮೂಲಿ ಆರು ಮುಖದ ಎರಡು ದಾಳ ಉರುಳಿಸಿ, ನಿಮ್ಮ ಕೌಶಲ ಸೇರಿಸಿ, 8 ಅಥವಾ ಹೆಚ್ಚು ಬಂದರೆ ಗೆದ್ದಿರಿ. ಕೌಶಲದಿಂದ ಏನೂ ಸೇರದಿದ್ದರೆ ಗೆಲ್ಲುವ ಸಾಧ್ಯತೆ ಸುಮಾರು 42%. ಎರಡು ಸೇರಿದರೆ 72%.

ಹೊಡೆದಾಟದಲ್ಲಿ ಇದರ ಗುಣ ಗೊತ್ತಾಗುತ್ತದೆ. ಇಲ್ಲಿ ಪ್ರಾಣಕ್ಕೆ ಬೇರೆ ಅಂಕ ಇಲ್ಲ. ಏಟು ಬಿದ್ದರೆ ನಿಮ್ಮ ತಾಳಿಕೆಯೇ ಇಳಿಯುತ್ತದೆ, ಅದು ಮುಗಿದರೆ ಶಕ್ತಿ ಅಥವಾ ಚುರುಕುತನ. ಸಾಮಾನ್ಯ ಮನುಷ್ಯನಿಗೆ ಇವು ತಲಾ 7ರ ಆಸುಪಾಸು, ಒಟ್ಟು 21. ಲೇಸರ್ ರೈಫಲ್‌ನ ಒಂದು ಏಟಿಗೆ ಐದು ದಾಳ. ಸರಾಸರಿ 17, 18. ರಕ್ಷಾಕವಚ ಇಲ್ಲದಿದ್ದರೆ ಒಂದೇ ಏಟಿಗೆ ನೆಲಕ್ಕೆ ಬಿದ್ದು ಪ್ರಜ್ಞೆ ತಪ್ಪುತ್ತದೆ. ಒಂದು ಸಲ ಹೀಗಾದರೆ ಸಾಕು. ಮುಂದಿನ ಸಲ ಸುಂಕದ ಕಟ್ಟೆಯಲ್ಲಿ ಸೊಂಟಕ್ಕೆ ಹೋದ ಕೈ ತಾನಾಗಿ ಕೆಳಗಿಳಿಯುತ್ತದೆ. ಬಂದೂಕಿಗೆ ಹೆದರಿದ ಜನ ಮಾತು ಕಲಿಯುತ್ತಾರೆ. ಟ್ರಾವೆಲರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಮಾತಿಗೆ ಕೌಶಲಗಳೇನೂ ಕಡಿಮೆ ಇಲ್ಲ. ಮನವೊಲಿಸುವುದು, ರಾಜತಾಂತ್ರಿಕತೆ, ಮೋಸ, ವಕೀಲಿಕೆ, ವ್ಯಾಪಾರದ ಚೌಕಾಸಿ, ಕಚೇರಿ ವ್ಯವಹಾರ, ಬೀದಿ ಜ್ಞಾನ, ಎಲ್ಲಕ್ಕೂ ಬೇರೆ ಬೇರೆ ಹೆಸರಿದೆ. ನಮ್ಮ ದೃಶ್ಯದಲ್ಲಿ ಕಾಣೆಯಾದ ಸಹಿಗೆ ಕಚೇರಿ ವ್ಯವಹಾರದ ಕೌಶಲ ಸರಿಯಾಗಿ ಹೊಂದುತ್ತದೆ. ಆದರೆ ಎಲ್ಲದರ ತೀರ್ಮಾನವೂ ಸಾಮಾನ್ಯವಾಗಿ ಒಂದೇ ಉರುಳಿಕೆಯಲ್ಲಿ. ಹೊಡೆದಾಟ ಸುತ್ತು ಸುತ್ತಾಗಿ ನಡೆಯುತ್ತದೆ, ವಾದ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ನಮ್ಮ ಗುಂಪಿನ ಗೆಳತಿಯೊಬ್ಬಳು ಹೀಗೇ ಒಂದು ಅಧಿಕಾರಿಯ ಎದುರು ಹತ್ತು ನಿಮಿಷ ಮಾತಾಡಿದಳು. ಔಷಧಿ ಯಾರಿಗೆ ಹೋಗಬೇಕು, ತಡವಾದರೆ ಏನಾಗುತ್ತದೆ, ಸಹಿ ಯಾಕೆ ಬಿಟ್ಟುಹೋಯಿತು, ಎಲ್ಲ ಅಚ್ಚುಕಟ್ಟಾಗಿ. ನಾವೆಲ್ಲ ಬಾಯಿ ಬಿಟ್ಟು ಕೇಳಿದೆವು. ಆಮೇಲೆ ದಾಳ ಉರುಳಿಸಿದಳು. 2 ಮತ್ತು 3. ಅವಳ ಕೌಶಲದ 1 ಸೇರಿ 6. ಟೇಬಲ್ ಪೂರ್ತಿ ಸುಮ್ಮನಾಯಿತು. ಅವಳ ಮುಖ ನೋಡಿ ನನಗೇ ಬೇಜಾರಾಯಿತು. ಅವತ್ತಿನಿಂದ ನಮ್ಮಲ್ಲಿ ಕ್ರಮ ಬದಲಾಗಿದೆ: ಮೊದಲು ದಾಳ, ಆಮೇಲೆ ಮಾತು. 6 ಬಂತಾ? ಹಾಗಾದರೆ ಮಾತು ಎಲ್ಲಿ ಎಡವಿತು ಅಂತ ಆಡಿ ತೋರಿಸಿ. ಸೋಲನ್ನು ಚೆನ್ನಾಗಿ ಆಡುವುದರಲ್ಲೂ ಒಂದು ಖುಷಿ ಇದೆ. ಒಂದೇ ಉರುಳಿಕೆಯ ಯಾವ ಆಟಕ್ಕಾದರೂ ಈ ಕ್ರಮ ಒಪ್ಪುತ್ತದೆ.

1977ರ ಪುಸ್ತಕದಲ್ಲಿ ಇನ್ನೊಂದು ಚೆಂದದ ವಸ್ತು ಇತ್ತು, ಪ್ರತಿಕ್ರಿಯೆಯ ಪಟ್ಟಿ. ಎದುರಿಗೆ ಸಿಕ್ಕವರ ಮೂಡ್ ಹೇಗಿದೆ ಅಂತ ಎರಡು ದಾಳ ಹಾಕಿ ನೋಡುವುದು. 2 ಬಂದರೆ ತಕ್ಷಣ ದಾಳಿ, 12 ಬಂದರೆ ನಿಜವಾದ ಸ್ನೇಹ. ಇವತ್ತಿಗೂ ನಾನು ಇದನ್ನು ಬಳಸುತ್ತೇನೆ, ಬೇರೆ ಆಟ ನಡೆಸುವಾಗಲೂ.

ಇದೇ ಹಾದಿಯಲ್ಲಿ, ಆದರೆ ಕಾಸಿಲ್ಲದೆ ಶುರು ಮಾಡಬೇಕಾದರೆ ಕೆವಿನ್ ಕ್ರಾಫರ್ಡ್ ಅವರ ಸ್ಟಾರ್ಸ್ ವಿದೌಟ್ ನಂಬರ್ ಇದೆ. ಮೊದಲು ಬಂದದ್ದು 2010, ಪರಿಷ್ಕರಿಸಿದ್ದು 2017. ಅದರ ಉಚಿತ ಆವೃತ್ತಿಯಲ್ಲೇ ಆಡುವುದಕ್ಕೆ ಬೇಕಾದದ್ದು ಇದೆ. ಅದರಲ್ಲಿ ಶತ್ರುಗಳ ಧೈರ್ಯಕ್ಕೊಂದು ಅಂಕ ಇರುತ್ತದೆ. ದಾಳ ಅದನ್ನು ಮೀರಿದರೆ ಅವರು ಓಡುತ್ತಾರೆ ಇಲ್ಲವೇ ಶರಣಾಗುತ್ತಾರೆ. ಪ್ರತಿ ಹೊಡೆದಾಟವೂ ಕೊನೇ ಹೆಣ ಬೀಳುವ ತನಕ ನಡೆಯಬೇಕಿಲ್ಲ ಅನ್ನುವುದನ್ನು ನಿಯಮವೇ ಹೇಳಿಕೊಡುತ್ತದೆ.

ಫೇಟ್: ಎರಡಕ್ಕೂ ಒಂದೇ ತಕ್ಕಡಿ

ಈಗ ಪೂರ್ತಿ ಬೇರೆ ದಾರಿ. 2013ರ ಫೇಟ್ ಕೋರ್ ಬರೀ ವಿಜ್ಞಾನ ಕಥೆಗೆ ಮಾಡಿದ ಆಟವಲ್ಲ, ಯಾವ ಜಗತ್ತಿಗಾದರೂ ಹೊಂದಿಸಿಕೊಳ್ಳುವ ನಿಯಮಗಳ ಕಟ್ಟು. ಆದರೆ ನಮ್ಮ ಪ್ರಶ್ನೆಗೆ ಇದರಷ್ಟು ನೇರ ಉತ್ತರ ಇನ್ನೆಲ್ಲೂ ನನಗೆ ಸಿಕ್ಕಿಲ್ಲ. ಪ್ರತಿ ಪಾತ್ರಕ್ಕೂ ಎರಡು ಸಾಲು ಚೌಕಗಳು. ಒಂದು ಮೈಯ ಒತ್ತಡಕ್ಕೆ, ಇನ್ನೊಂದು ಮನಸ್ಸಿನ ಒತ್ತಡಕ್ಕೆ. ಗುಂಡು ಮೊದಲನೆಯದನ್ನು ತುಂಬುತ್ತದೆ, ಚುಚ್ಚುಮಾತು ಎರಡನೆಯದನ್ನು. ಲೆಕ್ಕ ಮಾತ್ರ ಒಂದೇ. ಚೌಕ ಸಾಲದಿದ್ದರೆ ಪರಿಣಾಮ, ಅಂದರೆ ಮೈಗೋ ಮನಸ್ಸಿಗೋ ಉಳಿಯುವ ಗಾಯ, ಬರೆದುಕೊಳ್ಳಬೇಕು. ಸಣ್ಣದು 2 ಅಂಕದ ಏಟು ತಡೆಯುತ್ತದೆ, ಮಧ್ಯಮ 4, ತೀವ್ರ 6.

ನಮ್ಮ ಟೇಬಲ್‌ನಲ್ಲಿ ಅಧಿಕಾರಿಯ ಪಾತ್ರ ನಾನೇ ಆಡಿದ್ದೆ. ಕ್ಯಾಪ್ಟನ್ ಆಗಿದ್ದ ಗೆಳೆಯ ಮೊದಲಿಂದ "ಮೇಡಂ, ಸ್ವಲ್ಪ ನೋಡಿ, ನೀವು ಮನಸ್ಸು ಮಾಡಿದ್ರೆ ಆಗುತ್ತೆ" ಅಂತ ನಯವಾಗಿಯೇ ಮಾತಾಡುತ್ತಿದ್ದ. ಮೂರನೇ ಸುತ್ತಿಗೆ ಅವನಿಗೆ ರೇಗಿತು. "ನೀನ್ಯಾರು ನನ್ನ ಹಡಗು ತಡೆಯೋಕೆ?" ಅಂದುಬಿಟ್ಟ. ಟೇಬಲ್ ಸುತ್ತ ಇದ್ದವರೆಲ್ಲ ಒಟ್ಟಿಗೆ "ಅಯ್ಯೋ" ಅಂದರು. ನಾನು ಒಂದು ಚೀಟಿಯಲ್ಲಿ "ಏಕವಚನಕ್ಕೆ ಇಳಿದಾಯ್ತು" ಅಂತ ಬರೆದು ಮಧ್ಯದಲ್ಲಿ ಇಟ್ಟೆ. ಫೇಟ್‌ನಲ್ಲಿ ಹೀಗೆ ಬರೆದ ಚೀಟಿ ಬರೀ ಬಣ್ಣನೆಯಲ್ಲ. ಒಂದು ಫೇಟ್ ಪಾಯಿಂಟ್ (ಆಟದಲ್ಲಿ ನಾಣ್ಯದಂತೆ ಖರ್ಚು ಮಾಡುವ ಅಂಕ) ಕೊಟ್ಟರೆ ಯಾರು ಬೇಕಾದರೂ ಅದನ್ನು ಬಳಸಿ ತಮ್ಮ ದಾಳಕ್ಕೆ 2 ಸೇರಿಸಿಕೊಳ್ಳಬಹುದು. ನಾನು ತಕ್ಷಣ ಬಳಸಿದೆ. ಅಧಿಕಾರಿ ಕಾವಲುಗಾರರ ಎದುರೇ ಅವನಿಗೆ ಛೀಮಾರಿ ಹಾಕಿದಳು. ನನ್ನದು 6, ಅವನ ತಡೆ 2. ಅಂತರ 4. ಅವನು ಮಧ್ಯಮ ಪರಿಣಾಮ ಬರೆದುಕೊಂಡ: "ಎಲ್ಲರೆದುರು ಮರ್ಯಾದೆ ಹೋಯ್ತು."

ಆಮೇಲೆ ಅವನು ಮಾಡಿದ್ದು ಈ ಆಟದ ಅತಿ ಚೆಂದದ ನಿಯಮ. ಮುಂದಿನ ದಾಳ ಬೀಳುವ ಮೊದಲೇ ಸೋಲೊಪ್ಪಿಕೊಂಡ. ಹಾಗೆ ಒಪ್ಪಿಕೊಂಡರೆ ಹೇಗೆ ಸೋಲಬೇಕು ಅನ್ನುವುದರಲ್ಲಿ ನಿಮ್ಮ ಮಾತೂ ನಡೆಯುತ್ತದೆ. ಸರಕು ನಿಲ್ದಾಣದಲ್ಲೇ ಉಳಿಯಲಿ, ಆದರೆ ಯಾರನ್ನೂ ಬಂಧಿಸುವುದು ಬೇಡ ಅಂತ ತೀರ್ಮಾನವಾಯಿತು. ಸೋಲೊಪ್ಪಿದ್ದಕ್ಕೆ ಒಂದು ಫೇಟ್ ಪಾಯಿಂಟ್, ಬರೆದುಕೊಂಡ ಪರಿಣಾಮಕ್ಕೆ ಇನ್ನೊಂದು ಸಿಕ್ಕಿತು. ಹಟ ಹಿಡಿದು ಪೂರ್ತಿ ನೆಲಕಚ್ಚಿದ್ದರೆ ಅವನ ಗತಿ ಏನು ಅಂತ ನಾನು ಹೇಳುತ್ತಿದ್ದೆ. ಸೋತವನ ಹತ್ತಿರವೂ ಏನೋ ಉಳಿಯುತ್ತದೆ. ಮುಂದಿನ ಕಥೆ ಅಲ್ಲಿಂದಲೇ ಹುಟ್ಟುತ್ತದೆ.

ಕನ್ನಡದಲ್ಲಿ ಆಡುವವರಿಗೆ ಈ ನೀವು-ನೀನು ಒಂದು ದೊಡ್ಡ ಅಸ್ತ್ರ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ನಿಯಮ ಇರಲು ಸಾಧ್ಯವಿಲ್ಲ. ಬಂದೂಕು ಹೊರಗೆ ಬರುವುದಕ್ಕೆ ಮೊದಲು ಬಹುವಚನ ಹೋಗುತ್ತದೆ, ಅಲ್ವಾ? ಅದನ್ನು ದಾಳದ ಲೆಕ್ಕಕ್ಕೆ ಸೇರಿಸಲು ಜಾಗ ಇರುವ ಆಟ ಸಿಕ್ಕರೆ ಬಿಡಬೇಡಿ.

ಒಂದು ಎಚ್ಚರಿಕೆ. ಫೇಟ್ ಆಡುವವರು ಸಾಮಾನ್ಯವಾಗಿ ಮಾಡುವ ತಪ್ಪು, ಎಲ್ಲ ವಾದವನ್ನೂ ಕದನವಾಗಿ ಆಡುವುದು. ಕದನ ಅಂದರೆ ಒಬ್ಬರಿಗೊಬ್ಬರು ನೋವು ಮಾಡಲು ಹೊರಟಾಗ ಮಾತ್ರ. ಪುಸ್ತಕ ಸ್ಪರ್ಧೆ ಅಂತ ಬೇರೆಯದನ್ನೂ ಕೊಟ್ಟಿದೆ, ಅದರಲ್ಲಿ ಮೂರು ಗೆಲುವು ಯಾರಿಗೆ ಮೊದಲು ಬರುತ್ತದೋ ಅವರು ಗೆದ್ದರು. ಇಬ್ಬರು ವ್ಯಾಪಾರಿಗಳು ಒಬ್ಬ ಗಿರಾಕಿಯನ್ನು ಒಲಿಸಿಕೊಳ್ಳುವುದು ಸ್ಪರ್ಧೆ. ಗೆಳೆಯರ ಮಧ್ಯೆ ಹಳೇ ಗಾಯ ಕೆದಕುವ ಜಗಳ ಕದನ. ಹೀಗೆ ವಿಂಗಡಿಸಿಕೊಂಡರೆ ಅರ್ಧ ತೊಂದರೆ ಮುಗಿಯಿತು.

ಫೇಟ್‌ನ ಹಿಂದಿನ ಆವೃತ್ತಿಯ ಮೇಲೆ ಕಟ್ಟಿದ ಬಾಹ್ಯಾಕಾಶದ ಆಟವೇ ಬೇಕೆಂದರೆ 2009ರ ಡಯಾಸ್ಪೊರಾ ನೋಡಿ. 2010ರಲ್ಲಿ ಅದಕ್ಕೆ ಅತ್ಯುತ್ತಮ ನಿಯಮಗಳಿಗಾಗಿ, ಇಂಥ ಆಟಗಳಿಗೇ ಕೊಡುವ ಎನ್ನಿ ಪ್ರಶಸ್ತಿ ಬಂತು. ಅದರಲ್ಲಿ ನಾಲ್ಕು ಬಗೆಯ ಕಾಳಗಕ್ಕೆ ನಾಲ್ಕು ಪುಟ್ಟ ಆಟಗಳಿವೆ: ಜನರ ನಡುವಿನದು, ಹಡಗುಗಳ ನಡುವಿನದು, ಸೈನ್ಯದ ತುಕಡಿಗಳದ್ದು ಮತ್ತು ಮಾತಿನದು. ಮಾತಿನ ಕಾಳಗಕ್ಕೂ ನಕ್ಷೆ ಬರೆಯುತ್ತಾರೆ. ಅದು ನೆಲದ ನಕ್ಷೆ ಆಗಬೇಕಿಲ್ಲ, ಅಭಿಪ್ರಾಯದ್ದೂ ಆಗಬಹುದು. ನಿಲ್ದಾಣದ ಆಡಳಿತ ಮಂಡಳಿಯಲ್ಲಿ ಯಾರು ನಿಮ್ಮ ಪರ, ಯಾರು ವಿರೋಧ, ಯಾರು ನಡುವೆ ಅಂತ ಹಾಳೆಯ ಮೇಲೆ ಕಾಣುತ್ತದೆ. ಮಾತಾಡಿ ಮಾತಾಡಿ ಒಬ್ಬೊಬ್ಬರನ್ನೇ ನಿಮ್ಮ ಕಡೆ ಎಳೆದುಕೊಳ್ಳಬೇಕು. ಇನ್ನೂ ಒಂದು ವಿಶೇಷ: ಆರೋಗ್ಯ ಮತ್ತು ಮನಸ್ಸಿನ ಹಿಡಿತದ ಜೊತೆಗೆ ಹಣಕ್ಕೂ ಅಲ್ಲಿ ಒಂದು ಸಾಲು ಚೌಕ. ನಲವತ್ತು ಪೆಟ್ಟಿಗೆ ಔಷಧಿ ಹೋದರೆ ಅದೂ ಗಾಯವೇ.

ಬರ್ನಿಂಗ್ ಎಂಪೈರ್ಸ್: ವಾದಕ್ಕೆ ಕೂತವರಿಗೆ

ಲ್ಯೂಕ್ ಕ್ರೇನ್ ಅವರ ಈ ಆಟ 2006ರದ್ದು. ಕ್ರಿಸ್ಟೋಫರ್ ಮೊಲರ್ ಅವರ ಕಾಮಿಕ್ಸ್ ಜಗತ್ತನ್ನು ಆಧರಿಸಿದ್ದು. ಮನುಷ್ಯರ ದೇಹದೊಳಗೆ ಸೇರಿಕೊಳ್ಳುವ ಹುಳುವಿನಂಥ ಪರಾವಲಂಬಿಗಳು ಒಂದು ಗ್ರಹವನ್ನು ಹಂತ ಹಂತವಾಗಿ ನುಂಗುತ್ತವೆ. ಮೊದಲು ನುಸುಳುವುದು, ಆಮೇಲೆ ಅಧಿಕಾರ ಕಬಳಿಸುವುದು, ಕೊನೆಗೆ ಆಕ್ರಮಣ. ನುಸುಳುವ ಹಂತದಲ್ಲಿ ಯಾರು ಮನುಷ್ಯರು ಅಂತಲೇ ಗೊತ್ತಿರದ ಕಾರಣ ಮಾತು ಬಂದೂಕಿನಷ್ಟೇ ಮುಖ್ಯ.

ಇದರಲ್ಲಿ ಬುದ್ಧಿಯ ದ್ವಂದ್ವ ಅಂತ ಒಂದು ನಿಯಮ ಇದೆ. ಮೊದಲು ಎರಡೂ ಕಡೆಯವರು ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಬೇಕು. "ಸರಕು ಇಳಿಸೋಕೆ ಬಿಡಿ." "ಹಡಗು ತಪಾಸಣೆಗೆ ಕೊಡಿ." ಆಮೇಲೆ ಮುಂದಿನ ಮೂರು ನಡೆಗಳನ್ನು ಗುಟ್ಟಾಗಿ ಬರೆದುಕೊಳ್ಳಬೇಕು. ನೇರವಾಗಿ ವಾದ ಮುಂದಿಡುವುದು, ಖಂಡಿಸುವುದು, ವಿಷಯ ತಪ್ಪಿಸುವುದು, ಗೊಂದಲ ಎಬ್ಬಿಸುವುದು, ಕೆಣಕುವುದು, ಹುಸಿ ನಡೆ, ತಳ್ಳಿಹಾಕುವುದು, ಇವು ನಡೆಗಳು. ಒಟ್ಟಿಗೆ ಬಿಚ್ಚಿ ನೋಡಿದಾಗ ನೀವು ವಾದ ಮುಂದಿಟ್ಟ ಕಡೆ ಅವಳು ಕೆಣಕಿರುತ್ತಾಳೆ. ನೀವು ಖಂಡಿಸಲು ಕಾದಿದ್ದ ಕಡೆ ಅವಳು ಮಾತನ್ನೇ ಬೇರೆಡೆ ತಿರುಗಿಸಿರುತ್ತಾಳೆ. ಗುಂಡಿನ ಕಾಳಗಕ್ಕೂ ಹೀಗೇ ಮೊದಲೇ ನಡೆ ಬರೆದುಕೊಳ್ಳುವ ಪದ್ಧತಿ. ಹಾಗಾಗಿ ಎರಡರದ್ದೂ ತೂಕ ಒಂದೇ.

ಗೆದ್ದವರಿಗೂ ಪೂರ್ತಿ ಸಿಗುವುದು ಅಪರೂಪ. ಗೆಲ್ಲುವಷ್ಟರಲ್ಲಿ ನಿಮ್ಮ ವಾದ ಎಷ್ಟು ಸವೆದಿದೆಯೋ ಅಷ್ಟು ಬಿಟ್ಟುಕೊಡಬೇಕು. ಸರಕು ಇಳಿಯುತ್ತದೆ, ಆದರೆ ಅರ್ಧ ತಪಾಸಣೆ ನಡೆಯುತ್ತದೆ.

ತಾಳಮದ್ದಳೆ ಕೇಳಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಕೃಷ್ಣ ಸಂಧಾನದ ಕೊನೆ ಏನು ಅಂತ ಎಲ್ಲರಿಗೂ ಗೊತ್ತು. ಆದರೂ ಕೃಷ್ಣ ಏನಂದ, ಕೌರವ ಅದನ್ನು ಎಲ್ಲಿ ಹಿಡಿದ ಅಂತ ರಾತ್ರಿ ಕೂತು ಕೇಳುತ್ತೇವೆ. ಕೂತಲ್ಲೇ ಬರೀ ಮಾತಿನಲ್ಲಿ ಯುದ್ಧ ನಡೆಯುತ್ತದೆ ಅನ್ನುವುದನ್ನು ನಂಬಿಸಬೇಕಾದ ಅಗತ್ಯ ನಮಗಿಲ್ಲ.

ಆದರೆ ಈ ಆಟ ಸುಲಭವಲ್ಲ. ಪುಸ್ತಕ ದಪ್ಪ, ನಿಯಮ ಜಾಸ್ತಿ, ಎಲ್ಲರೂ ಓದಿಕೊಂಡು ಬರಲೇಬೇಕು. ಮೊದಲ ಆಟವಾಗಿ ಇದನ್ನು ಆರಿಸಬೇಡಿ. ಎರಡು ಮೂರು ವರ್ಷ ಒಟ್ಟಿಗೆ ಆಡಿದ, ಜಗಳ ಆಡಿಯೂ ಗೆಳೆಯರಾಗೇ ಉಳಿಯುವ ಗುಂಪಿಗೆ ಮಾತ್ರ ಹೇಳುತ್ತೇನೆ.

ಉಳಿದವು, ಸ್ವಲ್ಪ ಬೇಗ

ಸ್ಟಾರ್ ಟ್ರೆಕ್ ಅಡ್ವೆಂಚರ್ಸ್ ಅನ್ನು ಮೊಡಿಫಿಯಸ್ 2017ರಲ್ಲಿ ತಂದಿತು. ಇಪ್ಪತ್ತು ಮುಖದ ಎರಡು ದಾಳ ಹಾಕಿ, ನಿಮ್ಮ ಅಂಕಕ್ಕಿಂತ ಕಡಿಮೆ ಅಥವಾ ಸಮ ಬರಬೇಕು. ಮಾತಿನ ಸಂಘರ್ಷಕ್ಕೆ ನಾಲ್ಕು ಉಪಕರಣ ಕೊಡುತ್ತದೆ: ಮೋಸ, ಸಾಕ್ಷಿ, ಬೆದರಿಕೆ, ಕೊಡು-ಕೊಳ್ಳುವಿಕೆ. ಇವು ಎದುರಿನವರ ಮನಸ್ಸನ್ನು ನೇರವಾಗಿ ಗೆಲ್ಲುವುದಿಲ್ಲ, ಮನವೊಲಿಸುವ ಕಷ್ಟವನ್ನು ಬದಲಿಸುತ್ತವೆ. ಸಹಿಯ ನಕಲು ಬೇರೆ ಕಡೆಯಿಂದ ತರಿಸಿ ತೋರಿಸಿದರೆ ಅಧಿಕಾರಿಗೆ ಒಪ್ಪಲು ಒಂದು ಕಾರಣ ಸಿಕ್ಕಿತು. ನನಗೆ ಇಷ್ಟವಾದ ಇನ್ನೊಂದು ನಿಯಮ ಗುಂಡಿನ ಕಡೆಯದು. ಕೊಲ್ಲುವ ಉದ್ದೇಶದಿಂದ ಹೊಡೆದರೆ ಗೇಮ್ ಮಾಸ್ಟರ್ ಹತ್ತಿರ ಇರುವ ಅಪಾಯದ ರಾಶಿಗೆ ಒಂದು ಅಂಕ ಸೇರುತ್ತದೆ. ಪ್ರಜ್ಞೆ ತಪ್ಪಿಸುವಷ್ಟೇ ಹೊಡೆದರೆ ಇಲ್ಲ. ಈ ಜಗತ್ತಿನಲ್ಲಿ ಕೊಲೆಗೆ ಬೆಲೆ ಇದೆ ಅಂತ ಭಾಷಣವಿಲ್ಲದೆ ಹೇಳುವ ರೀತಿ ಇದು.

ಅದೇ ಕಂಪನಿಯ 2021ರ ಡ್ಯೂನ್ ಆಟದಲ್ಲಿ ಕತ್ತಿ, ಗೂಢಚಾರ, ಗಾಳಿಸುದ್ದಿ ಎಲ್ಲವೂ ಆಸ್ತಿಗಳು. ಅವುಗಳನ್ನು ವಲಯದಿಂದ ವಲಯಕ್ಕೆ ಸರಿಸುತ್ತಾ ಹೋಗಬೇಕು. ದ್ವಂದ್ವಯುದ್ಧಕ್ಕೂ ಅರಮನೆ ಪಿತೂರಿಗೂ ಒಂದೇ ಚೌಕಟ್ಟು. ಒಳಸಂಚು ಇಷ್ಟಪಡುವವರಿಗೆ ಹಬ್ಬ.

2018ರ ಸ್ಕಮ್ ಅಂಡ್ ವಿಲನಿ ಕಳ್ಳಸಾಗಣೆದಾರರ, ಬಾಡಿಗೆ ಬೇಟೆಗಾರರ ಕಥೆಗೆ. ಇದರಲ್ಲಿ ಗೇಮ್ ಮಾಸ್ಟರ್ ದಾಳ ಮುಟ್ಟುವುದು ಅಪರೂಪ. ನೀವು ಉರುಳಿಸುವ ಮೊದಲೇ ಪರಿಸ್ಥಿತಿ ಎಷ್ಟು ಅಪಾಯದ್ದು, ಗೆದ್ದರೆ ಎಷ್ಟು ಕೆಲಸ ಆಗುತ್ತದೆ ಅಂತ ಮಾತಾಡಿಕೊಳ್ಳುತ್ತೀರಿ. ದಾಳಗಳಲ್ಲಿ ದೊಡ್ಡದನ್ನು ನೋಡಿ: 6 ಬಂದರೆ ಪೂರ್ತಿ ಗೆಲುವು, 4 ಅಥವಾ 5 ಬಂದರೆ ಕೆಲಸವೂ ಆಗುತ್ತದೆ, ತೊಂದರೆಯೂ ಬರುತ್ತದೆ, 3ರ ಒಳಗೆ ಬಂದರೆ ಬರೀ ತೊಂದರೆ. ಅಧಿಕಾರಿಯ ಅನುಮಾನಕ್ಕೆ ಒಂದು ಗಡಿಯಾರ (ತುಂಡುಗಳಾಗಿ ಭಾಗ ಮಾಡಿದ ವೃತ್ತ) ಬರೆದು ತುಂಡು ತುಂಡಾಗಿ ತುಂಬುತ್ತಾ ಹೋಗಬಹುದು. ತುಂಬಿದ ದಿನ ಅವಳು ಬಾಗಿಲು ಮುಚ್ಚುತ್ತಾಳೆ. ಮಾತಿಗೂ ಗುಂಡಿಗೂ ಇಲ್ಲಿ ಭೇದ ಇಲ್ಲ, ಎರಡೂ ಒಂದೇ ಉರುಳಿಕೆಯಲ್ಲಿ ಮುಗಿಯಬಹುದು. ನಕ್ಷೆ ಹಾಸಿ, ಒಂದೊಂದೇ ಹೆಜ್ಜೆ ಲೆಕ್ಕ ಹಾಕಿ ಹೊಡೆದಾಡುವುದು ಇಷ್ಟವಿದ್ದವರಿಗೆ ಇದು ರುಚಿಸುವುದಿಲ್ಲ.

ಮದರ್‌ಶಿಪ್ ಭಯದ ಆಟ. ಶಕ್ತಿ, ವೇಗ, ಬುದ್ಧಿ, ಕಾಳಗ, ಇವು ಮುಖ್ಯ ಅಂಕಗಳು. ಮನವೊಲಿಸುವುದಕ್ಕೆ ಅಂಕವೇ ಇಲ್ಲ. ನನ್ನ ಪ್ರಶ್ನೆಗೆ ಇದು ಸೋಲಬೇಕಿತ್ತು, ಆದರೆ ಸೋಲಲಿಲ್ಲ. ಇಲ್ಲಿ ಮಾತು ಪೂರ್ತಿ ನಿಮ್ಮ ಬಾಯಲ್ಲೇ ನಡೆಯುತ್ತದೆ. ದಾಳ ಕೈಗೆತ್ತಿಕೊಂಡರೆ ಮಾತ್ರ ಅಪಾಯ, ಯಾಕೆಂದರೆ ಸೋತ ಪ್ರತಿ ಸಲವೂ ಒತ್ತಡ ಒಂದೊಂದು ಏರುತ್ತದೆ. ಆಮೇಲೆ ಗಾಬರಿಯ ಪರೀಕ್ಷೆ ಬಂದಾಗ ಇಪ್ಪತ್ತರ ದಾಳ ಆ ಒತ್ತಡವನ್ನು ಮೀರಬೇಕು. ಆಟಗಾರರು ದಾಳ ಮುಟ್ಟಲು ಹೆದರಿ, ಅಧಿಕಾರಿಯ ಜೊತೆ ನಿಜವಾಗಿ ಮಾತಾಡಲು ಕಲಿಯುತ್ತಾರೆ. ಒಂದೇ ತೊಡಕು. ನಾಚಿಕೆ ಸ್ವಭಾವದವರು ವಾಚಾಳಿ ಪಾತ್ರ ಆಡಬೇಕೆಂದರೆ ಈ ಆಟ ಅವರಿಗೆ ಏನೂ ಸಹಾಯ ಮಾಡುವುದಿಲ್ಲ. ನಿಮ್ಮ ಗುಂಪಿನಲ್ಲಿ ಅಂಥವರಿದ್ದರೆ ದಯವಿಟ್ಟು ಟ್ರಾವೆಲರ್ ಅಥವಾ ಫೇಟ್ ಆರಿಸಿ. ಮಾತು ಬಾರದವರಿಗೆ ಮಾತುಗಾರರಾಗುವ ಅವಕಾಶ ಕೊಡುವುದು ದಾಳದ ದೊಡ್ಡ ಉಪಕಾರ.

ಕೊಳ್ಳುವ ಮೊದಲು

ಮುದ್ರಿತ ಪುಸ್ತಕಗಳು ಹೊರದೇಶದಿಂದ ಬರುವುದರಿಂದ ದುಬಾರಿ. ಮೊದಲು ಪಿಡಿಎಫ್ ಸಾಕು. ಫೇಟ್‌ನ ಮೂಲ ನಿಯಮಗಳು ಉಚಿತವಾಗಿ ಓದಲು ಸಿಗುತ್ತವೆ. ಮದರ್‌ಶಿಪ್‌ನ ಆಟಗಾರರ ಪುಸ್ತಕದ ಪಿಡಿಎಫ್ ಕೂಡ ಉಚಿತ. ಫೇಟ್‌ಗೆ ಬೇರೆ ಬಗೆಯ ದಾಳ ಬೇಕು ಅಂತ ಹಿಂಜರಿಯಬೇಡಿ. ಲೂಡೋ ದಾಳ ನಾಲ್ಕು ತೆಗೆದುಕೊಳ್ಳಿ. 1, 2 ಬಂದರೆ ಒಂದು ಕಳೆಯಿರಿ. 3, 4 ಬಂದರೆ ಸೊನ್ನೆ. 5, 6 ಬಂದರೆ ಒಂದು ಕೂಡಿಸಿ. ಟ್ರಾವೆಲರ್‌ಗೆ ಅದೇ ಲೂಡೋ ದಾಳ ಎರಡು ಸಾಕು.

ಜೊತೆಗೆ ಯಾರೂ ಇಲ್ಲದೆ ಒಬ್ಬರೇ ಆಡುವುದಾದರೆ 2022ರ ಸ್ಟಾರ್‌ಫೋರ್ಜ್ಡ್ ನೋಡಿ. ಗೇಮ್ ಮಾಸ್ಟರ್ ಬೇಕಿಲ್ಲ. ಕಾಳಗದಲ್ಲಿ ಹಿಡಿತ ನಿಮ್ಮ ಕೈಯಲ್ಲಿದೆಯಾ, ತಪ್ಪಿದೆಯಾ ಅನ್ನುವುದರ ಮೇಲೆ ನೀವು ಏನು ಮಾಡಬಹುದು ಅನ್ನುವುದು ಬದಲಾಗುತ್ತದೆ.

ಯಾವುದನ್ನೇ ಆರಿಸಿದರೂ ದೊಡ್ಡ ಕಥೆಗೆ ಕೈ ಹಾಕುವ ಮೊದಲು ಒಂದು ಸಂಜೆ ಈ ಸುಂಕದ ಕಟ್ಟೆಯ ದೃಶ್ಯವನ್ನೇ ಎರಡು ಸಲ ಆಡಿ. ಒಂದು ಸಲ ಮಾತಿನಲ್ಲಿ, ಒಂದು ಸಲ ಬಂದೂಕಿನಲ್ಲಿ. ಎರಡು ಗಂಟೆ ಹಿಡಿಯಬಹುದು. ಮುಗಿದ ಮೇಲೆ ಪಾತ್ರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾತಿನಲ್ಲಿ ಸೋತವರ ಹಾಳೆಯ ಮೇಲೆ ಏನಾದರೂ ಬರೆದಿದೆಯಾ? ಖಾಲಿ ಇದ್ದರೆ, ನಿಮ್ಮ ಗುಂಪಿಗೆ ಅದು ಪರವಾಗಿಲ್ಲವಾ ಅಂತ ಅಲ್ಲೇ ಕೇಳಿಬಿಡಿ.